ಹೊರಗೆ ನಿಲ್ಲುವ ವಿದ್ಯೆ

ಗುರು ಅಂದರೆ ಗಡ್ಡ ಇರಲೇಬೇಕು ಅಂತ ಯಾರು ಹೇಳಿದ್ದು?

ಹೊನ್ನೂರಪ್ಪನವರಿಗೆ ಗಡ್ಡ ಇರಲಿಲ್ಲ. ದಿನಾ ಬೆಳಿಗ್ಗೆ ಹೊಳೆಯ ಬಂಡೆಯ ಮೇಲೆ ಕೂತು ಮುಖ ನುಣ್ಣಗೆ ಬೋಳಿಸಿಕೊಳ್ಳುತ್ತಿದ್ದರು. ಗಡ್ಡ ಇದ್ದವನ ಮುಖಕ್ಕೆ ಹೊಗೆ ತಡೆಯುವ ಮುಖವಾಡ ಸರಿಯಾಗಿ ಕೂರುವುದಿಲ್ಲ, ಸಂದಿಯಲ್ಲಿ ಹೊಗೆ ನುಗ್ಗುತ್ತದೆ. ಕೂದಲು ಹಣ್ಣಾಗುವವರೆಗೆ ಅಗ್ನಿಶಾಮಕ ದಳದಲ್ಲಿ ದುಡಿದು ನಿವೃತ್ತರಾದವರು. ಕೆಲಸ ಬಿಟ್ಟರೂ ಅಭ್ಯಾಸ ಬಿಟ್ಟಿರಲಿಲ್ಲ.

ಹೊಳೆ ದಂಡೆಯ ಪಾಳು ಮಠದಲ್ಲಿ ಒಬ್ಬರೇ ಇದ್ದರು. ದಳಕ್ಕೆ ಸೇರಬೇಕು ಅನ್ನುವ ಸುತ್ತಲ ಹಳ್ಳಿಯ ಹುಡುಗರು ಅವರ ಹತ್ತಿರ ಬರುತ್ತಿದ್ದರು. ಮೊದಲು ತಮಾಷೆಗೆ ‘ಗುರುಗಳೇ’ ಅಂದರು. ಆಮೇಲೆ ತಮಾಷೆ ಹೋಯಿತು, ‘ಗುರುಗಳೇ’ ಉಳಿಯಿತು.

ಓಬಳೇಶನೂ ಬಂದ.

ಅವನ ತೋಳಿನ ಬಗ್ಗೆ ಒಂದು ಮಾತು ಹೇಳಲೇಬೇಕು. ನಮ್ಮ ಸೀಮೆಯ ಹುಡುಗರು ಮೆಕ್ಕೆಜೋಳದ ಮೂಟೆ ಹೊತ್ತೇ ಬೆಳೆದವರು. ಪೇಟೆಯ ಜಿಮ್ಮಿನ ತೋಳೆಲ್ಲ ನಮ್ಮ ಮುಂದೆ ಗಾಳಿ ತುಂಬಿದ ಬಲೂನು. ಅಂಥ ನಮ್ಮೊಳಗೂ ಓಬಳೇಶನ ತೋಳು ಬೇರೆಯೇ. ಎರಡು ಮೂಟೆ ಒಟ್ಟಿಗೆ ಹೊತ್ತು ಏಣಿ ಹತ್ತುತ್ತಿದ್ದ. ಇಳಿದು ಬಂದು, ಯಾರ್ಯಾರು ನೋಡಿದರು ಅಂತ ಸುತ್ತ ಕಣ್ಣಾಡಿಸುತ್ತಿದ್ದ.

“ನನಗೆ ಬೆಂಕಿ ಅಂದ್ರೆ ಭಯ ಇಲ್ಲ, ಗುರುಗಳೇ,” ಅಂದ ಬಂದ ದಿನವೇ.

“ಹಾಗಾದ್ರೆ ಕೂತ್ಕೋ. ಬರೋವರೆಗೂ ಕಾಯೋಣ.”

“ಯಾರು ಬರೋವರೆಗೆ?”

“ಭಯ.”

ಓಬಳೇಶ ನಕ್ಕುಬಿಟ್ಟ. “ನನಗೆ ಜೀವದ ಹಂಗೇ ಇಲ್ಲ, ಗುರುಗಳೇ.”

“ಯಾರ ಜೀವದ್ದು?”

ಓಬಳೇಶ ತೋಳು ಮಡಚಿ ತೋರಿಸಿದ. ಗುರುಗಳು ನೋಡಿದರು, ತಲೆಯಾಡಿಸಿದರು, ಹೊಳೆಗೆ ನೀರು ತರಲು ಕಳಿಸಿದರು.

ಅವನ ಜೊತೆ ಗೆಳೆಯ ಪಾಲಯ್ಯನೂ ಬರುತ್ತಿದ್ದ. ಪಾಲಯ್ಯನಿಗೆ ಈ ಕೆಲಸ ಬೇಕಿರಲಿಲ್ಲ. ಅವನಿಗೆ ಹೊಲ ಇತ್ತು, ಅಪ್ಪ, ಅವ್ವ, ಅಣ್ಣ ಇದ್ದರು. ಆದರೆ ದೈಹಿಕ ಪರೀಕ್ಷೆಯಲ್ಲಿ ಒಬ್ಬ ಆಳನ್ನು ಹೆಗಲ ಮೇಲೆ ಹೊತ್ತು ಓಡಬೇಕು; ಓಬಳೇಶನಿಗೆ ಹೊರಲು ಒಬ್ಬ ಮನುಷ್ಯ ಬೇಕಿತ್ತು. ಆ ಮನುಷ್ಯ ಪಾಲಯ್ಯ.

“ಲೇ, ಇವತ್ತು ಎರಡು ಮುದ್ದೆ ಜಾಸ್ತಿ ಉಂಡಿದೀನಿ, ಹುಷಾರು,” ಅನ್ನುತ್ತಿದ್ದ, ಹೆಗಲ ಮೇಲೆ ತಲೆಕೆಳಗಾಗಿ ತೂಗಾಡುತ್ತಾ.

“ಇನ್ನೆರಡು ಉಂಡು ಬಾರೋ. ಮೇಕೆಮರಿ ಹೊತ್ತಂಗೂ ಆಗ್ತಿಲ್ಲ.”

“ಮೇಕೆಮರಿ ಒದೆಯುತ್ತೆ ನೋಡು ಮತ್ತೆ!”

ಹೊಳೆಯ ಮರಳಲ್ಲಿ ಹಾಗೇ ಓಡುತ್ತಿದ್ದರು. ಒಬ್ಬನಿಗೆ ಏದುಸಿರು, ಇನ್ನೊಬ್ಬನಿಗೆ ಹಾಡು.

ಮಠದ ಹಿಂದೆ ಕಿಟಕಿಯಿಲ್ಲದ ಒಂದು ಕೋಣೆ. ಗುರುಗಳು ಅದರೊಳಗೆ ಹಸಿ ಹುಲ್ಲು ಸುಟ್ಟು ಹೊಗೆ ತುಂಬುತ್ತಿದ್ದರು. ಒಬ್ಬ ಹುಡುಗ ಮೂಗಿಗೆ ಒದ್ದೆ ಬಟ್ಟೆ ಕಟ್ಟಿಕೊಂಡು, ಸೊಂಟಕ್ಕೆ ಹಗ್ಗ ಬಿಗಿದುಕೊಂಡು, ನೆಲಕ್ಕೆ ಮುಖ ಹಚ್ಚಿ ತೆವಳುತ್ತಾ ಹೋಗಿ ಮರಳಿನ ಚೀಲವೊಂದನ್ನು ಎಳೆದು ತರಬೇಕು. ಇನ್ನೊಬ್ಬ ಬಾಗಿಲಲ್ಲಿ ಹಗ್ಗದ ತುದಿ ಹಿಡಿದು ನಿಲ್ಲಬೇಕು.

ಓಬಳೇಶನಿಗೆ ಯಾವಾಗಲೂ ಬಾಗಿಲೇ.

“ಗುರುಗಳೇ, ಹಗ್ಗ ದನ ಕಾಯೋನೂ ಹಿಡೀತಾನೆ. ನನಗೆ ಒಳಗೆ ಹೋಗೋದನ್ನ ಯಾವಾಗ ಕಲಿಸ್ತೀರಿ?”

“ಹೊರಗೆ ನಿಲ್ಲೋದನ್ನ ಕಲಿತ ಮೇಲೆ.”

“ಅದರಲ್ಲಿ ಕಲಿಯೋದೇನಿದೆ?”

ಗುರುಗಳು ಉರಿಯುವ ಹುಲ್ಲಿನ ಮೇಲೆ ನೀರು ಚಿಮುಕಿಸಿದರು. ಹೊಗೆ ಎದ್ದಿತು.

ಪರೀಕ್ಷೆ ಹತ್ತಿರವಾದಾಗ ಒಂದು ದಿನ ಅವನನ್ನೂ ಒಳಗೆ ಬಿಟ್ಟರು.

“ಸೀಟಿ ಊದಿದ್ರೆ ಏನು ಮಾಡಬೇಕು?”

“ಕೈಯಲ್ಲಿ ಏನಿದ್ರೂ ಬಿಟ್ಟು ಹೊರಗೆ ಬರಬೇಕು.”

“ಏನಿದ್ರೂ?”

“ಏನಿದ್ರೂ, ಗುರುಗಳೇ.”

ಓಬಳೇಶ ಒಳಗೆ ಹೋದ. ಸ್ವಲ್ಪ ಹೊತ್ತಿಗೆ ಗುರುಗಳು ಸೀಟಿ ಊದಿದರು. ಅವನು ಬರಲಿಲ್ಲ. ಮತ್ತೆ ಊದಿದರು. ಬಾಗಿಲಲ್ಲಿದ್ದವನು ಹಗ್ಗ ಜಗ್ಗಿದ. ಒಳಗಿದ್ದವನು ಅದಕ್ಕಿಂತ ಜೋರಾಗಿ ತಿರುಗಿ ಜಗ್ಗಿದ.

ಕೊನೆಗೆ ಹೊರಗೆ ಬಂದಾಗ ಕಣ್ಣು, ಮೂಗು ಎರಡೂ ಸುರಿಯುತ್ತಿದ್ದವು. ಹೆಗಲ ಮೇಲೆ ಚೀಲ ಇತ್ತು.

ಹುಡುಗರು ಕೇಕೆ ಹಾಕಿದರು. “ನಮ್ಮೂರ ಹುಲಿ ಕಣ್ರೋ!” ಅಂತ ಪಾಲಯ್ಯ ಕುಣಿದ.

ಗುರುಗಳು ಚೀಲದ ಬಾಯಿ ಬಿಚ್ಚಿದರು. ಒಂದು ಹಿಡಿ ಮರಳು ತೆಗೆದು ನೋಡಿದರು.

“ಮರಳಿಗೆ ಏನೂ ಆಗಿಲ್ಲ,” ಅಂದರು. “ನೀನು ಸತ್ತೆ. ಮಲಗು.”

“ಹಾಂ?”

“ಚಾವಣಿ ಬೀಳುತ್ತೆ ಅಂತ ಸೀಟಿ ಊದಿದ್ದು. ಬಿತ್ತು. ಮಲಗು.”

ಅವನನ್ನು ಮರಳ ಮೇಲೆ ಮಲಗಿಸಿ, ಮುಖದವರೆಗೂ ತಮ್ಮ ಪಂಚೆ ಹೊದಿಸಿದರು. ಹೊತ್ತು ಇಳಿಯುವವರೆಗೆ ಏಳಬಾರದು ಅಂದರು.

ಪಾಲಯ್ಯ ಜೇಬಿನಲ್ಲಿದ್ದ ಮಂಡಕ್ಕಿ ತೆಗೆದು ಹೆಣದ ಮೇಲೆ ಚೆಲ್ಲಿದ. “ಅಯ್ಯೋ ನನ್ನ ಗೆಣೆಕಾರನೇ, ಇನ್ನು ನನ್ನ ಹೊರೋರು ಯಾರೋ!” ಅಂತ ಎದೆ ಬಡಿದುಕೊಂಡ. ಎಲ್ಲರೂ ಬಿದ್ದು ಬಿದ್ದು ನಕ್ಕರು. ಪಂಚೆಯ ಒಳಗೆ ಹೆಣದ ಹೊಟ್ಟೆಯೂ ಕುಲುಕಿತು.

ಗುರುಗಳು ಮಾತ್ರ ಹೊಳೆಯ ಕಡೆ ತಿರುಗಿ ಕೂತಿದ್ದರು.

ಪರೀಕ್ಷೆ ಇನ್ನೇನು ಬಂತು ಅನ್ನುವಾಗ, ಒಂದು ಮಧ್ಯಾಹ್ನ, ಊರ ಕಡೆಯಿಂದ ಕೂಗು ಕೇಳಿಸಿತು.

ಪಾಲಯ್ಯನ ಹೊಲದ ಬಾವಿ. ನೀರು ಆಳಕ್ಕಿಳಿದಿದೆ ಅಂತ ಡೀಸೆಲ್ ಎಂಜಿನ್ನನ್ನು ಬಾವಿಯ ಒಳಗಿನ ಕಟ್ಟೆಗೇ ಇಳಿಸಿ ಓಡಿಸಿದ್ದರು. ಅದರ ಹೊಗೆಯ ವಿಷಗಾಳಿ, ಕಣ್ಣಿಗೆ ಕಾಣದ್ದು, ಮೇಲೆ ಬರದೆ ಒಳಗೇ ತುಂಬಿಕೊಂಡಿತ್ತು. ಎಂಜಿನ್ ಯಾಕೆ ನಿಂತಿತು ಅಂತ ನೋಡಲು ಅಣ್ಣ ಬೋರಯ್ಯ ಮೆಟ್ಟಿಲಿಳಿದ. ಕಟ್ಟೆಯ ಹತ್ತಿರ ಕುಸಿದ. ಅವನನ್ನು ಎತ್ತಲು ಅಪ್ಪ ಇಳಿದರು. ಅವರೂ ಕುಸಿದರು.

ಗುರುಗಳೂ ಓಬಳೇಶನೂ ಓಡಿ ಬಂದಾಗ ಪಾಲಯ್ಯ ಲುಂಗಿ ಎತ್ತಿ ಕಟ್ಟುತ್ತಿದ್ದ.

ಬಿಸಿಲು ನೇರ ಬಾವಿಗೆ ಬಿದ್ದಿತ್ತು. ಮೇಲಿನಿಂದಲೇ ಇಬ್ಬರೂ ಕಾಣುತ್ತಿದ್ದರು. ಉಂಡು ಮಲಗಿದವರ ಹಾಗಿದ್ದರು.

ಓಬಳೇಶ ಅಂಗಿ ಕಿತ್ತೆಸೆದ. “ಪಾಲಯ್ಯ, ನೀನು ನಿಲ್ಲು. ನಾನು ಇಳೀತೀನಿ.”

“ಯಾರೂ ಇಳಿಯೋ ಹಾಗಿಲ್ಲ,” ಅಂದರು ಗುರುಗಳು. “ದಳದ ಗಾಡಿಗೆ ಫೋನ್ ಮಾಡಿದೀನಿ. ಬೆನ್ನಿಗೆ ಗಾಳಿ ಸಿಲಿಂಡರ್ ಕಟ್ಟಿಕೊಂಡವರು ಬರ್ತಾರೆ. ಅಲ್ಲಿವರೆಗೆ ಯಾರೂ ಇಲ್ಲ.”

“ಗಾಡಿ ತಾಲ್ಲೂಕಿಂದ ಬರಬೇಕು, ಗುರುಗಳೇ! ನಾನು ಉಸಿರು ಬಿಗಿ ಹಿಡಿದು ಇಳೀತೀನಿ. ಹೊಳೇಲಿ ಎಷ್ಟು ಹೊತ್ತು ಮುಳುಗಿರ್ತೀನಿ ಅಂತ ನಿಮಗೇ ಗೊತ್ತು.”

“ಇಳಿಯೋಕೆ ಆ ಉಸಿರು ಸಾಕು. ಒಬ್ಬನನ್ನ ಹೊತ್ತು ಹತ್ತೋಕೆ?”

ಓಬಳೇಶ ಮೆಟ್ಟಿಲಿಗೆ ಕಾಲಿಟ್ಟ.

ಗುರುಗಳು ಕೊರಳಲ್ಲಿದ್ದ ಸೀಟಿ ಬಾಯಿಗಿಟ್ಟು ಊದಿದರು.

ಅವನ ಕಾಲು ಅಲ್ಲೇ ನಿಂತಿತು. ಅಷ್ಟರಲ್ಲಿ ಪಾಲಯ್ಯ ಅವನನ್ನು ದಾಟಿಕೊಂಡು ನುಗ್ಗಿದ್ದ.

“ಅವನನ್ನ ಹಿಡಿ,” ಅಂದರು ಗುರುಗಳು.

“ಗುರುಗಳೇ, ಅವರಪ್ಪ…”

“ಹಿಡಿ.”

ಓಬಳೇಶ ಹಿಡಿದ. ಹಿಂದಿನಿಂದ ಸೊಂಟಕ್ಕೆ ಕೈಹಾಕಿ, ಮೇಲಕ್ಕೆಳೆದು, ನೆಲಕ್ಕೆ ಕೆಡವಿ, ಮೇಲೆ ಕೂತ.

“ಬಿಡೋ ಲೇ! ನಮ್ಮಪ್ಪ ಕಣೋ! ಕಾಣ್ತಿದಾನೆ ಕಣೋ ಅಲ್ಲೇ!”

ಓಬಳೇಶ ಬಿಡಲಿಲ್ಲ.

“ನಿಮ್ಮಪ್ಪ ಆಗಿದ್ರೆ ಹಿಂಗೇ ಕೂತಿರ್ತಿದ್ದೇನೋ?”

ಬಿಡಲಿಲ್ಲ. ಪಾಲಯ್ಯ ಅವನ ಮುಂಗೈ ಕಚ್ಚಿದ. ರಕ್ತ ಬಂತು.

ಗುರುಗಳು ಸುಮ್ಮನೆ ನಿಂತಿರಲಿಲ್ಲ. ಹೊಂಗೆ ಕೊಂಬೆಗಳ ಕಟ್ಟು ಮಾಡಿಸಿ, ಹಗ್ಗಕ್ಕೆ ಬಿಗಿದು, ಗಾಳಿ ಆಡಲಿ ಅಂತ ಬಾವಿಯೊಳಗೆ ಮೇಲೆ ಕೆಳಗೆ ಬೀಸಿಸಿದರು. ನೀರಿಗೆ ಬಿದ್ದ ಕೊಡ ಎತ್ತುವ ಪಾತಾಳಗರಡಿಯನ್ನು ತಾವೇ ಇಳಿಬಿಟ್ಟರು. ಅದರ ಕೊಕ್ಕೆ ಮುದುಕನ ಅಂಗಿಗೆ ಸಿಕ್ಕಿತು. ಗುರುಗಳು ಮೆಲ್ಲಗೆ ಎಳೆದರು.

ಅಂಗಿಯ ಚೂರು ಮೇಲೆ ಬಂತು.

ಪಾಲಯ್ಯನ ಅವ್ವ ತಿಮ್ಮಕ್ಕ ಓಬಳೇಶನ ಮುಂದೆ ಬಂದು ನಿಂತಳು. ಸೆರಗು ಎಲ್ಲೋ, ಕೂದಲು ಎಲ್ಲೋ.

“ದಿನಾ ನನ್ನ ಮಗನ್ನ ಹೆಗಲ ಮೇಲೆ ಹೊತ್ತು ಮೆರೀತಿದ್ದೆಯಲ್ಲೋ! ಈಗ ಇವರನ್ನ ಹೊತ್ತು ತಾರೋ! ನೀನು ಗಂಡಸಲ್ಲವೇನೋ?”

ಓಬಳೇಶ ಮುಖ ಎತ್ತಲಿಲ್ಲ.

“ಫೈರ್ ಬ್ರಿಗೇಡ್ ಸೇರ್ತಾನಂತೆ,” ಅಂದಿತು ಗುಂಪಿನಲ್ಲಿ ಒಂದು ದನಿ. “ಬಾವಿ ಕಂಡ್ರೇ ಬೆವರ್ತಾನೆ, ಇನ್ನು ಬೆಂಕಿ ಕಂಡ್ರೆ?”

ಆ ಊರಲ್ಲಿ ಇಷ್ಟು ವರ್ಷ ತೋಳು ಕುಣಿಸಿಕೊಂಡು ತಿರುಗಿದವನು ಅವನು. ಅಲ್ಲಿದ್ದ ಒಂದೊಂದು ಮುಖವೂ ಅವನ ಗುರುತಿನದೇ.

ಅವತ್ತು ಅವನಿಗೆ ಭಯ ಬಂತು. ಬಾವಿಯ ಭಯ ಅಲ್ಲ. ತನ್ನ ಕೈ ಎಲ್ಲಿ ಸಡಿಲಾಗುತ್ತೋ ಅನ್ನುವ ಭಯ.

ಗಾಡಿ ಬಂತು. ಸಿಲಿಂಡರ್ ಕಟ್ಟಿಕೊಂಡವರು ಇಳಿದರು. ಇಬ್ಬರನ್ನೂ ತಂದು ಹೊಲದಲ್ಲಿ ಮಲಗಿಸಿದರು. ಗುರುಗಳು ಮಂಡಿಯೂರಿ ಇಬ್ಬರ ಕುತ್ತಿಗೆಯನ್ನೂ ಮುಟ್ಟಿ ನೋಡಿದರು. ತುಂಬಾ ಹೊತ್ತು ಮುಟ್ಟಿ ನೋಡಿದರು. ಆಮೇಲೆ ಕೈ ತೆಗೆದರು.

ಆಗ ಓಬಳೇಶ ಪಾಲಯ್ಯನನ್ನು ಬಿಟ್ಟ.

ಪಾಲಯ್ಯ ಅಪ್ಪನ ಹತ್ತಿರ ಹೋಗಿ ಕೂತ. ತಿರುಗಿ ಓಬಳೇಶನನ್ನು ಒಂದು ಸಲ ನೋಡಿದ. ತಿಮ್ಮಕ್ಕ ಬಂದು ಓಬಳೇಶನ ಮುಖಕ್ಕೆ ಉಗುಳಿದಳು.

ಅವನು ಒರೆಸಿಕೊಳ್ಳಲಿಲ್ಲ.

ಪರೀಕ್ಷೆಗೆ ಹೋದ. ಎತ್ತರ ಅಳೆದರು, ಎದೆ ಅಳೆದರು, ಕಣ್ಣು ನೋಡಿದರು. ಹಗ್ಗ ಹತ್ತಿದ. ಗುರುತಿಲ್ಲದ ಯಾರನ್ನೋ ಹೆಗಲಿಗೆ ಹಾಕಿಕೊಂಡು ಓಡಿದ. ಎಲ್ಲರಿಗಿಂತ ಮೊದಲು ಮುಟ್ಟಿದ. ಹೊತ್ತವನನ್ನು ಇಳಿಸಿ, ಸುತ್ತ ಯಾರು ನೋಡಿದರು ಅಂತಲೂ ನೋಡದೆ, ಪಕ್ಕಕ್ಕೆ ಹೋಗಿ ಕೂತ.

ಆಯ್ಕೆಯಾದ. ನಮ್ಮ ಸುತ್ತಿನ ಹಳ್ಳಿಗಳಿಂದ ದಳಕ್ಕೆ ಆಯ್ಕೆಯಾದ ಮೊದಲ ಹುಡುಗ. ಬೇರೆ ಕಾಲವಾಗಿದ್ದರೆ ಊರಲ್ಲಿ ಪಟಾಕಿ ಹೊಡೆಯುತ್ತಿದ್ದರು. ಅವನ ಅವ್ವ ಹೋಳಿಗೆಗೆ ಅಂತ ಬೇಳೆ ಅಳೆದು, ಸ್ವಲ್ಪ ಹೊತ್ತು ನೋಡುತ್ತಾ ಕೂತು, ಮತ್ತೆ ಡಬ್ಬಕ್ಕೇ ಸುರಿದಳು.

ಓಬಳೇಶ ಹೊಳೆದಂಡೆಗೆ ಬಂದ. ಗುರುಗಳು ಹಗ್ಗಗಳನ್ನು ಬಿಸಿಲಿಗೆ ಹರಡುತ್ತಿದ್ದರು.

“ಸೋಮವಾರ ತರಬೇತಿಗೆ ಹಾಜರಾಗಬೇಕು, ಗುರುಗಳೇ.”

“ಒಳ್ಳೇದು.”

“ನಾನು ಹೋಗಲ್ಲ.”

ಗುರುಗಳು ಇನ್ನೊಂದು ಹಗ್ಗ ಬಿಚ್ಚಿದರು.

“ಜನರನ್ನ ಉಳಿಸ್ತೀನಿ ಅಂತ ಹೊರಟವನು ನಾನು. ಗೆಳೆಯನ ಅಪ್ಪ, ಅಣ್ಣ ಕಣ್ಣೆದುರಿಗೇ ಹೋದ್ರು. ನಾನು ಮೇಲೆ ಕೂತಿದ್ದೆ. ಇಳಿದಿದ್ರೆ…”

“ಇಳಿದಿದ್ರೆ ನಿನ್ನ ಫೋಟೋಗೆ ಹಾರ ಹಾಕ್ತಿದ್ರು. ಊರಲ್ಲಿ ಒಳ್ಳೇ ಹೆಸರಿರ್ತಿತ್ತು.”

“ಅದೇ ವಾಸಿ ಇತ್ತು.” ಓಬಳೇಶ ಕೆನ್ನೆ ಉಜ್ಜಿಕೊಂಡ. “ಎಷ್ಟು ತೊಳೆದ್ರೂ ಹೋಗ್ತಿಲ್ಲ ಇದು. ನಿಮ್ಮ ಮುಖಕ್ಕೆ ಯಾವತ್ತಾದ್ರೂ ಯಾರಾದ್ರೂ ಉಗುಳಿದಾರಾ?”

“ನನ್ನ ಹೆಂಡತಿ.”

ಓಬಳೇಶನ ಕೈ ಕೆನ್ನೆಯ ಮೇಲೇ ನಿಂತಿತು.

“ಎಣ್ಣೆ ಗಿರಣಿಗೆ ಬೆಂಕಿ ಬಿದ್ದಿತ್ತು,” ಅಂದರು ಗುರುಗಳು. “ಒಳಗೆ ಅವಳ ತಮ್ಮ ಇದ್ದ. ಗೋಡೆ ಬಿರುಕು ಬಿಟ್ಟಿತ್ತು. ನಾನು ನನ್ನ ಹುಡುಗರನ್ನ ಬಾಗಿಲಲ್ಲೇ ತಡೆದು ನಿಂತೆ.”

“ಆಮೇಲೆ?”

“ಅವಳು ತವರಿಗೆ ಹೋದಳು. ನಾನು ಮಾರನೇ ದಿನ ಡ್ಯೂಟಿಗೆ ಹೋದೆ.”

ಓಬಳೇಶ ಮಠದ ಒಳಗೆ ನೋಡಿದ. ಒಂದು ಚಾಪೆ ಇತ್ತು. ಒಂದು ತಟ್ಟೆ, ಒಂದು ಲೋಟ. ಇಷ್ಟು ದಿನ ಬಂದು ಹೋಗಿದ್ದರೂ ಅದನ್ನು ನೋಡಿರಲಿಲ್ಲ.

ಹೊಳೆ ಹರಿಯುತ್ತಿತ್ತು. ಗುರುಗಳು ಹಗ್ಗದ ಸಿಕ್ಕು ಬಿಡಿಸತೊಡಗಿದರು.

“ಪಾಲಯ್ಯ ಹೇಗಿದಾನೆ?” ಕೇಳಿದರು ಗುರುಗಳು.

“ಯಾರ ಜೊತೆಗೂ ಮಾತಿಲ್ಲ. ನಿನ್ನೆ ಹೊಲದ ಬದುವಲ್ಲಿ ಎದುರಾದ. ನಾನು ತಲೆ ತಗ್ಗಿಸಿಕೊಂಡು ದಾಟಿದೆ. ಹಿಂದಿನಿಂದ ಕಲ್ಲು ತಗೊಂಡು ಬೀಸಿದ.”

“ತಾಗಿತಾ?”

ಓಬಳೇಶ ಅಂಗಿ ಸರಿಸಿ ಬೆನ್ನು ತೋರಿಸಿದ. ಒಂದು ಕಡೆ ನೀಲಿಗಟ್ಟಿ ಊದಿಕೊಂಡಿತ್ತು.

ಗುರುಗಳು ಕೈಯಲ್ಲಿದ್ದ ಹಗ್ಗ ಕೆಳಗಿಟ್ಟರು. ಹತ್ತಿರ ಬಂದು ಊತದ ಮೇಲೆ ಬೆರಳಿಟ್ಟು ಒತ್ತಿ ನೋಡಿದರು. ಓಬಳೇಶ ಹಲ್ಲು ಕಚ್ಚಿದ.

“ಜೋರಾಗೇ ಬೀಸಿದಾನೆ,” ಅಂದರು. “ಬಾವಿಗೆ ಇಳಿದಿದ್ರೆ ಬೀಸೋಕೆ ಇರ್ತಿರಲಿಲ್ಲ. ತೋಳಲ್ಲಿ ಕಸುವಿದೆ ಹುಡುಗನಿಗೆ.”