ನಟಿ ಮತ್ತು ಅವಳ ದನಿ

ಶಿಷ್ಯನೊಬ್ಬ ಕೇಳಿದ: “ಗುರುಗಳೇ, ಮಠಕ್ಕೆ ಬರುವ ಮೊದಲು ನಾನು ಹೆಸರಾಂತ ಹಾಡುಗಾರ. ಅದನ್ನೆಲ್ಲ ಬಿಟ್ಟು ಬಂದೆ. ಆದರೂ ನಾನು ರಾಗ ಹಾಕಿದ ಪದವನ್ನು ನಿನ್ನೆ ಬೇರೊಬ್ಬ ಹಾಡಿ ಹೊಗಳಿಸಿಕೊಂಡಾಗ ಹೊಟ್ಟೆ ಉರಿಯಿತು. ಬಿಟ್ಟದ್ದು ಇನ್ನೂ ಏಕೆ ಸುಡುತ್ತದೆ?”

ಗುರುಗಳು ಒಂದು ಕತೆ ಹೇಳಿದರು.

ಸ್ಪೇನ್ ದೇಶದಲ್ಲಿ ಒಬ್ಬ ನಟಿಯಿದ್ದಳು. ಚೆಲುವೆ, ಆದರೆ ದನಿ ಒರಟು. ಮಾತಿನಲ್ಲಿ ದಕ್ಷಿಣದ ಹಳ್ಳಿಯ ಸೊಗಡು. ಪರದೆಗೆ ಅದು ಒಗ್ಗದೆಂದು ಅವಳ ಎಲ್ಲ ಚಿತ್ರಗಳಲ್ಲೂ ಇನ್ನೊಬ್ಬಳಿಂದ ಮಾತಾಡಿಸಿದರು. ಆ ಕಾಲಕ್ಕೆ ಅಲ್ಲಿ ಅದು ರೂಢಿ. ಜನಕ್ಕೆ ಈ ಗುಟ್ಟು ತಿಳಿಯದು. ಮುಖವೂ ದನಿಯೂ ಒಬ್ಬಳದೇ ಎಂದು ನಂಬಿ ತಲೆಯ ಮೇಲೆ ಹೊತ್ತು ಮೆರೆಸಿದರು.

ಇಳಿವಯಸ್ಸು ಬಂತು. ಹೆಸರು ಸಾಕೆಂದು ಅವಳು ಕಡಲ ತಡಿಯ ಸಣ್ಣ ಊರಿಗೆ ಹೋಗಿ ನೆಲೆಸಿದಳು. ಪಕ್ಕದ ಮನೆಯಲ್ಲಿ ರೆಮೇದಿಯೊಸ್ ಎಂಬ ಮುದುಕಿ. ಕಣ್ಣು ಹೋಗಿತ್ತು, ಹಿಂದೆ ಮುಂದೆ ಯಾರೂ ಇರಲಿಲ್ಲ. ನಟಿ ದಿನವೂ ಅವಳಿಗೆ ಗಂಜಿ ಕಾಯಿಸಿ ಕುಡಿಸುತ್ತಿದ್ದಳು. ಮುದುಕಿಯದು ಒಂದೇ ಜಪ, ಇದೇ ನಟಿಯ ಚಿತ್ರಗಳದ್ದು; ಗಂಜಿ ಕುಡಿಸುವವಳು ಅವಳೇ ಎಂದು ಮುದುಕಿಗೆ ತಿಳಿಯದು. ಒಂದು ದಿನ ಇವಳಿಗೆ ತಡೆಯಲಾಗಲಿಲ್ಲ. “ಅಜ್ಜಿ, ಅವಳು ನಾನೇ” ಎಂದುಬಿಟ್ಟಳು.

ಮುದುಕಿ ನಕ್ಕಳು. “ಹೋಗೇ ತಾಯಿ! ಅವಳ ದನಿ ನನಗೆ ಗೊತ್ತಿಲ್ಲವೇ? ನನ್ನ ಸಮಾಧಾನಕ್ಕೆ ಸುಳ್ಳು ಹೇಳಬೇಡ.”

ಹೆಸರು ಬೇಡವೆಂದು ಬಂದವಳಿಗೆ, ಹೆಸರು ನಿನ್ನದಲ್ಲ ಎಂದಾಗ ಸಿಟ್ಟು ಬಂತು. ಮನುಷ್ಯರ ಬುದ್ಧಿಯೇ ಅಷ್ಟು. ಎರಡು ದಿನ ಆ ಮನೆಯ ಹೊಸಿಲು ತುಳಿಯಲಿಲ್ಲ.

ಅಷ್ಟರಲ್ಲಿ ಮುದುಕಿ ಹಾಸಿಗೆ ಹಿಡಿದಳು. ಸುದ್ದಿ ಕೇಳಿ ನಟಿ ಓಡಿಬಂದಳು. “ಸಾಯುವ ಮುಂಚೆ ಅವಳು ಒಮ್ಮೆ ನನ್ನ ಹೆಸರು ಹಿಡಿದು ಕರೆದರೆ ಸಾಕು” ಎಂದು ಮುದುಕಿ ಕನವರಿಸುತ್ತಿದ್ದಳು. ನಟಿ ಎದ್ದು, ತನಗೆ ದನಿ ಕೊಟ್ಟಿದ್ದವಳಿಗೆ ಫೋನ್ ಮಾಡಿ ಕರೆಸಿಕೊಂಡಳು.

ಬಂದವಳು ಬಾಗಿಲಲ್ಲೇ ಅಳುಕಿದಳು. “ನಿಮ್ಮ ಹೆಸರನ್ನು ನಾನು ಹೇಗಮ್ಮ ಹೇಳಿಕೊಳ್ಳಲಿ?”

“ಹೇಳಿಕೋ. ಹೊತ್ತು ಮೀರುತ್ತಿದೆ” ಎಂದು ನಟಿ ಅವಳನ್ನು ಒಳಗೆ ತಳ್ಳಿದಳು.

“ರೆಮೇದಿಯೊಸ್” ಎಂದಿತು ಆ ದನಿ. ಮುದುಕಿ ತಡಕಾಡಿ ಅವಳ ಕೈ ಹಿಡಿದು ಗಳಗಳ ಅತ್ತಳು. ಅತ್ತು ಹಗುರಾದ ಮೇಲೆ ಮೆಲ್ಲನೆ ಹೇಳಿದಳು: “ಪಕ್ಕದ ಮನೆಯವಳು ತಾನೇ ನೀನೆಂದು ಹೇಳಿಕೊಂಡಿದ್ದಳು, ಪಾಪ. ಅವಳನ್ನು ಬೈಯಬೇಡ.”

ಒಲೆಯ ಮುಂದೆ ಗಂಜಿ ತಿರುವುತ್ತಿದ್ದ ನಟಿಗೆ ನಗು ಬಂತು. “ಬಾಯಿ ತಪ್ಪಿ ಅಂದೆ ಅಜ್ಜಿ, ಮನಸ್ಸಿನಲ್ಲಿ ಇಟ್ಟುಕೋಬೇಡ” ಎಂದಳು, ತನ್ನ ಒರಟು ದನಿಯಲ್ಲೇ.

ಗುರುಗಳು ಇಲ್ಲಿಗೆ ನಿಲ್ಲಿಸಿದರು. ಶಿಷ್ಯ ಕೇಳಿದ: “ಅವಳು ಸಿನಿಮಾ ಬಿಟ್ಟು ಆಗ ಎಷ್ಟು ವರ್ಷವಾಗಿತ್ತು?”

“ಬಿಟ್ಟದ್ದೇ ಅವತ್ತು” ಎಂದರು ಗುರುಗಳು.