ಉಡದ ಸೀರೆಯ ಕುಂಕುಮ

“ಕೇಳ್ರಪ್ಪೋ ಕೇಳಿ! ಹೊನ್ನೆಕೋಟೆಯ ದೊರೆ ಚೆನ್ನರಸರ ಅಪ್ಪಣೆ! ರಾಜಕುಮಾರಿ ಕೇತಲಾದೇವಿ ಒಡ್ಡುವ ಮೂರು ಒಗಟು ಬಿಡಿಸಿದವನು ಅರಮನೆಯ ಅಳಿಯ. ಸೋತವನ ತಲೆ ಅಮಾವಾಸ್ಯೆಗೆ ಉರುಳುತ್ತದೆ!”

ಡಂಗುರದ ಸದ್ದು ಅಂತಃಪುರದ ದಪ್ಪ ಗೋಡೆ ದಾಟಿ ಒಳಗೆ ಬಂದಾಗ ಕೇತಲೆ ಹಾಸಿಗೆಯಲ್ಲೇ ಕಿವಿ ಮುಚ್ಚಿಕೊಂಡಳು. ಒಗಟು ಅವಳದು, ನಿಜ. ತಲೆ ತೆಗೆಯುವ ಮಾತು ಮಾತ್ರ ಅಪ್ಪನದು. ಕಂಡಕಂಡವರೆಲ್ಲ ಬರಬಾರದೆಂದು ದೊರೆ ಅದನ್ನು ಸೇರಿಸಿದ್ದ.

ಆ ಮನೆತನಕ್ಕೊಂದು ಬಿರುದಿತ್ತು: ಅವರ ಹೆಣ್ಣುಮಕ್ಕಳು ಅಸೂರ್ಯಂಪಶ್ಯೆಯರು. ಸೂರ್ಯ ಅವರನ್ನು ನೋಡಬಾರದು, ಅವರು ಸೂರ್ಯನ ಹೆಸರೆತ್ತಬಾರದು. ಕೇಳುವುದಕ್ಕೆ ಭಾರೀ ಘನತೆ, ಪಾಪ, ಅನುಭವಿಸಿದವರನ್ನು ಯಾರೂ ಕೇಳಿರಲಿಲ್ಲ. ಮಹಾರಾಣಿ ಎಲುಬು ನೋವೆಂದು ನರಳಿ ನರಳಿಯೇ ತೀರಿಕೊಂಡಿದ್ದಳು. ಈಗ ಮಗಳ ಸರದಿ. ಮೆಟ್ಟಿಲು ಹತ್ತಿದರೆ ಮೊಣಕಾಲು ನಡುಗುತ್ತಿತ್ತು, ಬೆನ್ನು ಬಾಗತೊಡಗಿತ್ತು. ವೈದ್ಯರು ಮುತ್ತು ಅರೆದು ಕುಡಿಸಿದರು, ಹವಳ ಸುಟ್ಟು ತಿನ್ನಿಸಿದರು. ಏನು ಕೊಟ್ಟರೂ ಮೈಗೆ ಹತ್ತಲಿಲ್ಲ.

“ನಿನಗೇನು ಬೇಕು ಮಗಳೇ?” ಎಂದು ದೊರೆ ಕೇಳಿದಾಗ ಉತ್ತರ ಅವಳ ನಾಲಿಗೆಯ ತುದಿಯಲ್ಲೇ ಇತ್ತು. ಹೆಸರೆತ್ತಬಾರದ್ದನ್ನು ಕೇಳುವುದು ಹೇಗೆ? “ನನ್ನ ಒಗಟು ಬಿಡಿಸುವವನು ಬೇಕು ಅಪ್ಪಾ” ಎಂದುಬಿಟ್ಟಳು.

ಅವಳಿಗೆ ಇನ್ನೊಂದನ್ನು ತಿಳಿಯುವ ಹಂಬಲವೂ ಇತ್ತು. ಅವಳನ್ನು ಸಾಕಿದ ಕಾಳವ್ವ ಕಡಲ ತೀರದ ಹೆಂಗಸು. ಬದುಕಿದ್ದಷ್ಟು ದಿನ, ಹುಡುಗಿ ಮಲಗುವ ಮುನ್ನ, “ಮೂಗು ಮುಚ್ಕೊ ಮಗಾ, ಬಾಯಿ ತೆಗಿ” ಎಂದು ನಾಲಿಗೆಗೆ ಒಂದು ತೊಟ್ಟು ಏನನ್ನೋ ಬಿಡುತ್ತಿದ್ದಳು. ಗಬ್ಬು ನಾತ! ಅದೇನೆಂದು ಎಷ್ಟು ಗೋಗರೆದರೂ ಹೇಳಲಿಲ್ಲ. ಅರಮನೆಗೆ ಗೊತ್ತಾದರೆ ತನ್ನನ್ನು ಓಡಿಸುತ್ತಾರೆಂಬ ಭಯ ಅವಳಿಗೆ. ಬೇಗ ಗಟ್ಟಿಯಾಗಬೇಕು, ಇನ್ನಷ್ಟು ಕೊಡು ಎಂದರೆ, “ಹೆಚ್ಚಾದ್ರೆ ಅದೇ ವಿಷ” ಎಂದು ಗದರುತ್ತಿದ್ದಳು. ಕಾಳವ್ವ ಹೋದ ಮೇಲೆ ಆ ತೊಟ್ಟೂ ನಿಂತಿತು. ಕೇತಲೆ ಕುಸಿಯತೊಡಗಿದ್ದು ಆಮೇಲೆಯೇ.

ರಾಜಕುಮಾರರು ಸಾಲುಗಟ್ಟಿ ಬಂದರು. ತೆರೆಯ ಹಿಂದೆ ಕುಳಿತ ಕೇತಲೆ ಮೊದಲ ಒಗಟು ಕೇಳಿದಳು: “ದಿನವೂ ನನ್ನ ಬಾಗಿಲವರೆಗೆ ಬರುತ್ತಾನೆ, ಮುಖ ಕಂಡಿಲ್ಲ. ಬಡವರ ಅಂಗಳದಲ್ಲಿ ಕರೆಯದೆಯೂ ಕೂರುತ್ತಾನೆ, ನನ್ನ ಕೋಣೆಗೆ ಕಾಲಿಡಲಾರ. ಯಾರವನು?”

“ಮನ್ಮಥ!” ಎಂದು ಮೀಸೆ ತಿರುವಿದ ಒಬ್ಬ. ಇನ್ನೊಬ್ಬ “ಭಿಕ್ಷುಕ” ಎಂದ. ಮತ್ತೊಬ್ಬ ತಡವರಿಸಿ “ಯಮ” ಎಂದ. ಒಬ್ಬೊಬ್ಬರನ್ನೂ ಸೆರೆಮನೆಗೆ ಎಳೆದೊಯ್ದರು. ಅಮಾವಾಸ್ಯೆ ಹತ್ತಿರವಾಗುತ್ತಿತ್ತು. ತನ್ನ ಆಸೆ ಇವರ ಕೊರಳಿಗೆ ಬಂತಲ್ಲ ಎಂದು ಕೇತಲೆ ಅನ್ನ ಬಿಟ್ಟಳು.

ಅಮಾವಾಸ್ಯೆಯ ಹಿಂದಿನ ದಿನ ಅರಮನೆಯ ಅಗಸರ ಬೊಪ್ಪ ಬಟ್ಟೆಯ ಗಂಟು ಹೊತ್ತೇ ಸಭೆಗೆ ಬಂದ. ಎಲ್ಲರೂ ನಕ್ಕರು. ಕೇತಲೆ ನಗಲಿಲ್ಲ, ಅದೇ ಒಗಟನ್ನು ಬಳಲಿದ ದನಿಯಲ್ಲಿ ಕೇಳಿದಳು.

“ಬಿಸಿಲು, ಅಮ್ಮಣ್ಣಿ” ಎಂದ ಬೊಪ್ಪ. “ಒಗೆದು ಒಣಗಿಸಿ ಕಳಿಸಿದ ಸೀರೇಲಿ ಕೆಲವು ಉಡದೇನೇ ವಾಪಸ್ಸು ಬರ್ತಿದ್ವು. ಮಡಿಕೆ ಹಂಗೇ ಇರೋದು, ಮಡಿಕೆಯೊಳಗೆ ಮಾತ್ರ ನಿಮ್ಮ ಕುಂಕುಮ. ಸೀರೇಲಿ ಉಳಿದ ಬಿಸಿಲಿನ ವಾಸ್ನೆಗೆ ತಾವು ಮುಖ ಒತ್ತಿಕೊಳ್ತೀರಿ ಅಂತ ಗೊತ್ತಾಯ್ತು. ಅವತ್ತಿಂದ ನಿಮ್ಮ ಸೀರೇನ ಇಳಿಹೊತ್ತಿನವರೆಗೂ ಬಿಸಿಲಲ್ಲೇ ಬಿಡ್ತೀನಿ.”

ಸಭೆಯ ನಗು ನಿಂತಿತು. ತೆರೆಯ ಹಿಂದಿನಿಂದ ಕೇತಲೆ ಎರಡನೆಯದನ್ನು ಕೇಳಿದಳು: “ಬಾಯಿಗೆ ಹಾಕದೆ ಉಣ್ಣುವ ಊಟ ಯಾವುದು? ಚರ್ಮ ಉಂಡರೆ ಎಲುಬಿನ ಹಸಿವು ಹಿಂಗುತ್ತದೆ.”

“ಅದೂ ಬಿಸಿಲೇ. ಮೈಮೇಲೆ ಬಿದ್ದ ಬಿಸಿಲು ಮೂಳೆಗೆ ಇಳಿದು ಬಲ ಕೊಡ್ತದೆ. ನಿಮಗದು ಸಿಗ್ತಿಲ್ಲ. ಬೆನ್ನು ಬಾಗಿ, ಉಟ್ಟ ಸೀರೆ ಅಂಚು ನೆಲದ ಮೇಲೆ ಎಳೆದು ಸವೀತಿದೆ ತಾಯಿ. ಆ ಅಂಚು ಹೊಲಿಯೋನು ನಾನೇ.”

ಮೂರನೆಯದನ್ನು ಕೇಳಲು ಅವಳಿಗೆ ಭಯವಾಯಿತು. ಅದರ ಉತ್ತರ ಅವಳಿಗೇ ಗೊತ್ತಿರಲಿಲ್ಲ. “ಬಿಸಿಲು ಬಾರದ ಮನೆಗೆ ಬಿಸಿಲಿನ ಬದಲು ಬರುತ್ತದೆ. ದಿನಕ್ಕೊಂದು ತೊಟ್ಟಾದರೆ ಬಲ, ಬೊಗಸೆ ತುಂಬ ಕುಡಿದರೆ ವಿಷ. ಅದೇನು?”

ಬೊಪ್ಪ ಗಂಟು ಬಿಚ್ಚಿ ಹಳೆಯ ದಿಂಬಿನ ಚೀಲವೊಂದನ್ನು ತೆಗೆದ. ಕಲೆ ಹೋಗದ ಬಟ್ಟೆ ಅಗಸರ ಪಾಲಿಗೆ ಎಂಬುದು ಅರಮನೆಯ ಪದ್ಧತಿ. “ಮೀನೆಣ್ಣೆ, ಅಮ್ಮಣ್ಣಿ. ನಿಮ್ಮ ತುಟಿಯಿಂದ ದಿಂಬಿಗೆ ಇಳಿದದ್ದು. ಎಷ್ಟು ಬಡಿದರೂ ಹೋಗ್ಲಿಲ್ಲ. ಈ ನಾತ ಏನಂತ ನಮ್ಮವ್ವ ಕಾಳವ್ವನ್ನೇ ಕೇಳಿ ತಿಳಕೊಂಡಿದ್ಲು. ನಾವು ಯಾರಿಗೂ ಹೇಳ್ಲಿಲ್ಲ.”

“ಉತ್ತರ ಸರಿಯೇ ಮಗಳೇ?” ಎಂದ ದೊರೆ.

ತೆರೆಯ ಕೆಳಗಿನಿಂದ ಒಂದು ಬಿಳಿಚಿದ ಕೈ ಚಾಚಿ ಚೀಲವನ್ನು ಒಳಗೆಳೆದುಕೊಂಡಿತು. ಕೇತಲೆ ಅದನ್ನು ಮೂಗಿಗೆ ಒತ್ತಿಕೊಂಡಳು. ಆ ನಾತದಲ್ಲಿ ಕಾಳವ್ವನೇ ಬಂದು ಪಕ್ಕದಲ್ಲಿ ಕುಳಿತಂತಾಯಿತು. ಅವಳು ಬಿಕ್ಕಿ ಬಿಕ್ಕಿ ಅತ್ತಳು. ಅಳುವಿನ ನಡುವೆಯೇ “ಸರಿ” ಎಂದಳು.

“ಅಳಿಯತನ ನಿನ್ನದು. ಇನ್ನೇನು ಬೇಕು ಕೇಳು” ಎಂದ ದೊರೆ.

“ಸೆರೆಯಲ್ಲಿರೋರನ್ನ ಬಿಟ್ಟುಬಿಡಿ ಬುದ್ಧಿ. ಅಮ್ಮಣ್ಣಿಯೋರು ಒಂದ್ಸಲ ನಾವು ಬಟ್ಟೆ ಒಣಗಿಸೋ ಬಯಲಿಗೆ ಬರ್ಲಿ. ಮದುವೆ ಮಾತು ಆಮೇಲೆ, ಅವರು ಒಪ್ಪಿದ್ರೆ.”

“ಸೆರೆಯವರನ್ನು ಈಗಲೇ ಬಿಡಿಸುತ್ತೇನೆ. ಆದರೆ ಬಯಲಿಗೆ ಬಂದರೆ ಮನೆತನದ ಬಿರುದು?”

“ಅಮ್ಮನಿಗೂ ಆ ಬಿರುದು ಇತ್ತು ಅಪ್ಪಾ” ಎಂದಳು ಕೇತಲೆ.

ದೊರೆ ತಾನೇ ಎದ್ದು ತೆರೆಯನ್ನು ಕಿತ್ತುಹಾಕಿದ.

ಬೆಳಗಿನ ಎಳೆಬಿಸಿಲಲ್ಲಿ ದಿನವೂ ಕೂತು ಕೂತು ಕೇತಲೆಯ ಕಾಲಿಗೆ ಬಲ ಬಂತು. ಮದುವೆಗೆ ಅವಳು ಒಪ್ಪಿದಳೋ ಇಲ್ಲವೋ ಎಂದು ಕೇಳುವ ಜಾಣರು ಬಯಲಿಗೇ ಹೋಗಿ ನೋಡಬೇಕಿತ್ತು. ಒದ್ದೆ ಸೀರೆಯ ಒಂದು ತುದಿ ಬೊಪ್ಪನ ಕೈಯಲ್ಲಿ, ಇನ್ನೊಂದು ಅವಳ ಕೈಯಲ್ಲಿ.

ಆಷಾಢದ ಮೋಡ ಕವಿದು ಬಿಸಿಲು ಮರೆಯಾದಾಗ ಬೊಪ್ಪ ಕಡಲ ತೀರದಿಂದ ಮೀನೆಣ್ಣೆಯ ಪುಟ್ಟ ಕುಡಿಕೆ ತರಿಸಿದ. ತೊಟ್ಟು ಬಿಡಲು ಹೋಗಿ, “ಮೂಗು ಮುಚ್ಕೊ” ಎಂದ.

ಕೇತಲೆ ಬಾಯಿ ತೆರೆದಳು. ಮೂಗು ಮುಚ್ಚಿಕೊಳ್ಳಲಿಲ್ಲ.