ಕೀಲಿ ತೆಗೆದರೂ ನಿಲ್ಲದ ಕಾರು

"ಗುರುಗಳೇ, ಮನೆಯವರ ನೆಮ್ಮದಿಗಾಗಿ ಒಂದು ವಿಷಯವನ್ನು ಮುಚ್ಚಿಟ್ಟರೆ ತಪ್ಪೇ?" ಎಂದು ಶಿಷ್ಯ ಕೇಳಿದ.

"ಭಲೇ! ಮಾಡುವುದನ್ನೆಲ್ಲ ಮಾಡಿ ಆಮೇಲೆ ಅಪ್ಪಣೆ ಕೇಳುತ್ತೀಯಲ್ಲ" ಎಂದು ಗುರುಗಳು ನಕ್ಕರು. "ಕೂತುಕೋ. ಒಬ್ಬ ಮೆಕ್ಯಾನಿಕ್‌ನ ಕತೆ ಹೇಳುತ್ತೇನೆ."

ದಸ್ತಗೀರ ಎಂಬ ಮೆಕ್ಯಾನಿಕ್ ಇದ್ದ. ಹಳೆಯ ಕಾರುಗಳ ಎಂಜಿನ್ ಅವನಿಗೆ ಅಂಗೈ ನೆಲ್ಲಿ. ದೆವ್ವ ಭೂತ ಎಂದವರನ್ನು ಗೇಲಿ ಮಾಡುವ ಗಟ್ಟಿ ಆಳು. ಒಂದು ಮಧ್ಯಾಹ್ನ ಒಬ್ಬ ಹೆಂಗಸು ಐವತ್ತು ವರ್ಷದ ಕಾರೊಂದನ್ನು ತಾನೇ ಓಡಿಸಿಕೊಂಡು ಬಂದಳು. ಗಂಡ ತೀರಿಹೋಗಿ ಮೂರು ತಿಂಗಳಾಗಿತ್ತು. ಘಾಟಿಯ ಮೇಲಿನ ಊರಿನಿಂದ ರೋಗಿಗಳನ್ನು ಕೆಳಗಿನ ಆಸ್ಪತ್ರೆಗೆ ಸಾಗಿಸುವುದು ಅವನ ಕೆಲಸ. ಈಗ ಅದು ಅವಳ ಪಾಲಿಗೆ ಬಂದಿತ್ತು.

"ಏರಿನಲ್ಲಿ ಎಳೆಯುವುದಿಲ್ಲ ಅಣ್ಣಾ, ಅದನ್ನಷ್ಟು ನೋಡಿಕೊಡಿ. ಇನ್ನೊಂದಿದೆ. ಅದನ್ನು ಮಾತ್ರ ಮುಟ್ಟಬೇಡಿ."

ಅವಳು ಕೀಲಿ ತೆಗೆದು ಅವನ ಅಂಗೈಯಲ್ಲಿಟ್ಟಳು. ಎಂಜಿನ್ ನಿಲ್ಲಲಿಲ್ಲ. ಗಡಗಡ ನಡುಗುತ್ತ ತನ್ನಷ್ಟಕ್ಕೆ ತಿರುಗುತ್ತಲೇ ಇತ್ತು. ಒಂಬತ್ತು ಉಸಿರಿನಷ್ಟು ಹೊತ್ತು. ಆಮೇಲೆ ಯಾರೋ ನಿಟ್ಟುಸಿರು ಬಿಟ್ಟಂತೆ ನಿಂತಿತು. ದಸ್ತಗೀರನ ತೋಳಿನ ರೋಮಗಳು ನಿಮಿರಿದ್ದವು.

"ಅವರು ಹೋದಾಗಿನಿಂದ ಹೀಗೆ. ಅವರಿದ್ದಾಗ ಒಂದು ದಿನವೂ ಹೀಗಾಗಿರಲಿಲ್ಲ. ಇಳಿದು ಹೋಗಲು ಅವರಿಗೆ ಮನಸ್ಸಿಲ್ಲ. ನಾನೂ ಜೊತೆಗೆ ಕೂತಿರುತ್ತೇನೆ. ನನಗೆ ಉಳಿದಿರುವುದು ಅಷ್ಟೇ ಅಣ್ಣಾ."

ದಸ್ತಗೀರ ಬಿಸ್ಮಿಲ್ಲಾ ಎಂದು ಬಾನೆಟ್ ಎತ್ತಿದ. ಪ್ಲಗ್ಗುಗಳಿಗೆ ಕಿಡಿ ಹಂಚುವ ಡಿಸ್ಟ್ರಿಬ್ಯೂಟರ್ ಮೇಲೆ ಮೊದಲು ಅನುಮಾನ ಬಂತು. ಬೇರೆಯದನ್ನು ಹಾಕಿ ನೋಡಿದ. ಕಿಡಿ ಆಗಲೂ ಹೊತ್ತು ತಪ್ಪುತ್ತಿತ್ತು. ಎಂಜಿನ್ನಿನ ಮುಂದಿನ ಪುಲ್ಲಿ ಚಕ್ರವನ್ನು ಕೈಯಿಂದ ಹಿಂದೆ ಮುಂದೆ ಅಲ್ಲಾಡಿಸಿದ. ಅದು ಎರಡು ಬೆರಳಗಲ ತಿರುಗಿದರೂ ಅದರೊಂದಿಗೇ ತಿರುಗಬೇಕಾದ ಡಿಸ್ಟ್ರಿಬ್ಯೂಟರಿನ ರೋಟರ್ ಮಿಸುಕಲಿಲ್ಲ. ಸಡಿಲ ಇನ್ನೂ ಒಳಗಿತ್ತು. ಮುಚ್ಚಳ ಬಿಚ್ಚಿದರೆ, ಕಿಡಿಯ ಹೊತ್ತು ಕಾಯುವ ಟೈಮಿಂಗ್ ಗೇರಿನ ಹಲ್ಲುಗಳು ಸವೆದು ಬ್ಲೇಡಿನಂತಾಗಿದ್ದವು. ಕಿಡಿ ತಡವಾಗಿ ಎಂಜಿನ್ ವಿಪರೀತ ಕಾಯುತ್ತಿತ್ತು. ಆ ಕಾವಿಗೇ ಪೆಟ್ರೋಲ್ ಹೊತ್ತಿಕೊಂಡು ಕೀಲಿಯಿಲ್ಲದೆ ಓಡುತ್ತಿತ್ತು. ಘಾಟಿಯ ತಿರುವಿನಲ್ಲಿ ಹಲ್ಲು ಮುರಿದು ಎಂಜಿನ್ ಕೈಕೊಟ್ಟರೆ ಅವಳೂ ಉಳಿಯುವುದಿಲ್ಲ, ಹಿಂದೆ ಮಲಗಿದ ರೋಗಿಯೂ ಉಳಿಯುವುದಿಲ್ಲ.

ಆದರೆ ಇದು ಮೂರು ತಿಂಗಳ ಸವೆತವಲ್ಲ, ಏಳೆಂಟು ವರ್ಷದ್ದು. ಹಾಗಾದರೆ ಅವಳ ಗಂಡನಿದ್ದಾಗ ಕಾರು ಹೇಗೆ ನಿಲ್ಲುತ್ತಿತ್ತು? ದಸ್ತಗೀರ ಅವಳತ್ತ ತಿರುಗಿದ.

"ತಂಗೀ, ನಿನ್ನ ಗಂಡ ಕಾರು ನಿಲ್ಲಿಸುವಾಗ ಏನು ಮಾಡುತ್ತಿದ್ದ?"

"ಏನು ಮಾಡುವುದು! ಪ್ರತಿ ಸಲವೂ ಧಡಕ್ಕನೆ ಜಗ್ಗಿಸಿ ನಿಲ್ಲಿಸುತ್ತಿದ್ದರು. ಇಷ್ಟು ವರ್ಷವಾದರೂ ನಿಲ್ಲಿಸಲು ಕಲಿಯಲಿಲ್ಲವಲ್ಲ ಎಂದು ಬೈಯುತ್ತಿದ್ದೆ. ನಗುತ್ತಿದ್ದರು."

ದಸ್ತಗೀರನಿಗೆ ಅರ್ಥವಾಯಿತು. ಆತ ಕೀಲಿ ತೆಗೆಯುತ್ತಲೇ ಕಾರನ್ನು ಗೇರಿನಲ್ಲಿಟ್ಟು, ಕ್ಲಚ್ಚಿನಿಂದ ಕಾಲೆತ್ತಿ, ಎಂಜಿನ್ನಿನ ಕತ್ತು ಹಿಸುಕುತ್ತಿದ್ದ. ಹೆಂಡತಿ ಹೆದರದಿರಲಿ ಎಂದು ವಿಷಯ ಮುಚ್ಚಿಟ್ಟು ದಿನಾ ಬೈಸಿಕೊಳ್ಳುತ್ತಿದ್ದ. ಹೇಳಲೋ ಬೇಡವೋ ಎಂದು ದಸ್ತಗೀರ ಸಂಕಟಪಟ್ಟ. ಕೊನೆಗೆ ಹೇಳಿಬಿಟ್ಟ.

ಅವಳು ಹೋ ಎಂದು ಅತ್ತಳು. "ಕೊಲ್ಲುವಂಥದ್ದನ್ನು ಕೈಗೆ ಕೊಟ್ಟು ಹೋದರಲ್ಲ! ಅದನ್ನೇ ನಾನು ಅವರು ಅಂದುಕೊಂಡು ಮಾತಾಡಿಸುತ್ತಿದ್ದೆನಲ್ಲ ಅಣ್ಣಾ!"

ಹೊಸ ಗೇರು ಕೂರಿಸಿದ ದಿನ ಅವಳೇ ಕೀಲಿ ತೆಗೆದಳು. ಎಂಜಿನ್ ಥಟ್ಟನೆ ನಿಂತಿತು. ಕಾರಣವೆಲ್ಲ ಬಲ್ಲ ದಸ್ತಗೀರನೂ ಉಸಿರು ಬಿಗಿಹಿಡಿದು ಕಿವಿಗೊಟ್ಟ. ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಬಹಳ ಹೊತ್ತು ಏನೂ ಕೇಳಿಸಲಿಲ್ಲ.

ಶಿಷ್ಯ ತಡೆಯಲಾರದೆ ಕೇಳಿದ: "ಆದರೂ ಗುರುಗಳೇ, ಅವನು ಮುಚ್ಚಿಟ್ಟದ್ದು ಪ್ರೀತಿಯಿಂದಲ್ಲವೇ?"

"ಪ್ರೀತಿಯಿಂದಲೇ. ನೀನೂ ಮುಚ್ಚಿಡು, ಆದರೆ ಮನೆಯವರಿಗಿಂತ ಮೊದಲು ಸಾಯಬೇಡ" ಎಂದರು ಗುರುಗಳು.